ಒರಳಿನ ವಾರಸುದಾರ

ಅಡುಗೆಯನ್ನು ಕರ್ತವ್ಯವೆಂದು ಮಾಡುವವರು ಕೆಲವರು, ಪ್ರೀತಿಯಿಂದ ಮಾಡುವವರು ಕೆಲವರು. ಎರಡನೆಯ ಪಂಗಡಕ್ಕೆ ಸೇರಿದವರ ಮನೆಯಲ್ಲಿ ನಾಲ್ಕು ಕಾಸು ಕೂಡಿದಾಗ, ಹಬ್ಬಕ್ಕೆ ಬೋನಸ್ಸು ಬಂದಾಗ, ಮಗನೋ ಮಗಳೋ ಮೊದಲ ಸಂಬಳ ತಂದು ‘ಅಮ್ಮನ ಅಡುಗೆಮನೆಗೆ ಏನಾದರೂ ಒಳ್ಳೆಯದನ್ನು ಕೊಡಿಸೋಣ’ ಎಂದಾಗ ಒಂದು ಪ್ರಶ್ನೆ ಏಳುತ್ತದೆ. ಏನನ್ನು ಕೊಳ್ಳುವುದು? ಅಂಗಡಿಯ ಕಪಾಟಿನಲ್ಲಿ ಆಯ್ಕೆಗೆ ಬರವಿಲ್ಲ. ಮೈಕ್ರೊವೇವ್, ಓವನ್, ಫುಡ್ ಪ್ರೊಸೆಸರ್, ಏರ್ ಫ್ರೈಯರ್, ರೊಟ್ಟಿ ತಟ್ಟುವ ಯಂತ್ರ, ಕಾಫಿ ಯಂತ್ರ ಎಲ್ಲವೂ ಸಾಲಾಗಿ ಕುಳಿತು ಹೊಳೆಯುತ್ತವೆ. ಇವುಗಳಲ್ಲಿ ಎಷ್ಟೋ ಯಂತ್ರಗಳು ಮೊದಲ ತಿಂಗಳು ಕಟ್ಟೆಯ ಮೇಲಿದ್ದು, ಎರಡನೆಯ ತಿಂಗಳು ಮೂಲೆಗೆ ಸರಿದು, ವರ್ಷ ತುಂಬುವುದರೊಳಗೆ ಬಂದ ಡಬ್ಬಿಯಲ್ಲೇ ಅಟ್ಟ ಸೇರುವುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಕೈ ಬಿಚ್ಚಿ ಖರ್ಚು ಮಾಡಬೇಕಾದ ವಸ್ತು ಯಾವುದೆಂದು ತಿಳಿಯಲು ಕಪಾಟನ್ನು ನೋಡಿದರೆ ಪ್ರಯೋಜನವಿಲ್ಲ. ಆ ಅಡುಗೆಮನೆಯಲ್ಲಿ ತೋಳಿನ ಶಕ್ತಿಯನ್ನು ಅತಿ ಹೆಚ್ಚು ಬೇಡುವ ಕೆಲಸ ಯಾವುದು ಎಂಬುದನ್ನು ನೋಡಬೇಕು. ಅಕ್ಕಿ, ಉದ್ದು, ತೆಂಗಿನಕಾಯಿಗಳನ್ನು ನಂಬಿದ ದಕ್ಷಿಣ ಭಾರತದ ಮನೆಗಳಲ್ಲಿ ಆ ಕೆಲಸ ಬೇಯಿಸುವುದೂ ಅಲ್ಲ, ಹೆಚ್ಚುವುದೂ ಅಲ್ಲ, ರುಬ್ಬುವುದು. ಹಾಗಾಗಿಯೇ ಇಲ್ಲಿ ಅಡುಗೆಮನೆಯ ಅತ್ಯಂತ ಭಾರದ, ಎಲ್ಲಕ್ಕಿಂತ ಹೆಚ್ಚು ಕಾಲ ಬಾಳುವ ಆಸ್ತಿ ಯಾವಾಗಲೂ ಒಂದು ಕಲ್ಲೇ ಆಗಿತ್ತು. ವಿದ್ಯುತ್ತಿನ ಕಾಲದಲ್ಲಿಯೂ ಆ ಸ್ಥಾನಕ್ಕೆ ಬಂದು ಕೂತಿರುವುದು ಕಲ್ಲನ್ನೇ ಹೊಟ್ಟೆಯಲ್ಲಿಟ್ಟುಕೊಂಡ ಯಂತ್ರ, ಅಂದರೆ ವೆಟ್ ಗ್ರೈಂಡರ್.

ಹಳೆಯ ಮನೆಗಳಲ್ಲಿ ಕಲ್ಲು ಒಂದೇ ಇರುತ್ತಿರಲಿಲ್ಲ. ಭತ್ತ ಕುಟ್ಟಲು ಒರಳು ಮತ್ತು ಒನಕೆ, ರಾಗಿ ಜೋಳಗಳಿಗೆ ಬೀಸುವ ಕಲ್ಲು, ಮಸಾಲೆಗೆ ಚಪ್ಪಟೆಯಾದ ಅರೆಯುವ ಕಲ್ಲು, ಹಿಟ್ಟಿಗೆ ಗುಂಡು ಸಹಿತವಾದ ರುಬ್ಬುವ ಕಲ್ಲು. ಕುಟ್ಟು, ಜಜ್ಜು, ಬೀಸು, ಅರೆ, ರುಬ್ಬು, ಕಡೆ ಎಂಬ ಮಾತುಗಳು ಕನ್ನಡದಲ್ಲಿ ಸುಮ್ಮನೆ ಹುಟ್ಟಿಕೊಂಡವಲ್ಲ. ಒಂದೊಂದಕ್ಕೂ ಬೇರೆ ಸಲಕರಣೆ, ಬೇರೆ ಕೂರುವ ಭಂಗಿ, ಬೇರೆ ಕೈಚಲನೆ. ಕರಾವಳಿಯಲ್ಲಿ ‘ಕಡೆಯುವ ಕಲ್ಲು’ ಎಂದರೆ ಘಟ್ಟದ ಮೇಲಿನವರಿಗೆ ಮಜ್ಜಿಗೆಯ ನೆನಪಾಗಬಹುದು. ಅಲ್ಲಿ ಅದು ರುಬ್ಬುವ ಕಲ್ಲೇ. ಈ ಕ್ರಿಯಾಪದಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಗೆ ಹೋದರೆ ಯಂತ್ರದ ಆಯ್ಕೆ ಅರ್ಧ ಮುಗಿದಂತೆ. ಮಿಕ್ಸಿ ಎಂಬುದು ಕುಟ್ಟುವ, ಜಜ್ಜುವ ಕೆಲಸಗಳ ವಾರಸುದಾರ. ಗ್ರೈಂಡರ್ ರುಬ್ಬುವ ಕೆಲಸದ ವಾರಸುದಾರ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಹೊರಟಾಗಲೇ ತಕರಾರು.

ಕಲ್ಲಿನ ಮೇಲೆ ಕಲ್ಲುಜ್ಜಿ ಆಹಾರ ಸಿದ್ಧಪಡಿಸುವ ಕ್ರಮ ಈ ನೆಲದಲ್ಲಿ ಎಷ್ಟು ಹಳೆಯದೆಂಬುದಕ್ಕೆ ಬಳ್ಳಾರಿಯ ಪಕ್ಕದ ಸಂಗನಕಲ್ಲು ಸಾಕ್ಷಿ. ಅಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದರು. ಆ ಕಾಲದ ಬಂಡೆಗಳಲ್ಲಿ ಉಜ್ಜಿ ಉಜ್ಜಿ ಸವೆದ ತೋಡುಗಳೂ ಕಾಣಸಿಗುತ್ತವೆ. ಆ ಪ್ರದೇಶದ ಉತ್ಖನನಗಳಲ್ಲಿ ದೊರೆತ ಸುಟ್ಟ ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆಗಳಿವೆ. ಗಟ್ಟಿ ಸಿಪ್ಪೆಯ ಕಿರುಧಾನ್ಯ ಮತ್ತು ದ್ವಿದಳ ಧಾನ್ಯಗಳನ್ನು ತಿನ್ನುವ ಜನರಿಗೆ ಒಳ್ಳೆಯ ಕಲ್ಲಿಲ್ಲದೆ ಗತ್ಯಂತರವೇ ಇಲ್ಲ.

ರುಬ್ಬಿದ ಉದ್ದಿಗೆ ಕನ್ನಡದಲ್ಲಿ ಸಾವಿರ ವರ್ಷಕ್ಕೂ ಹೆಚ್ಚಿನ ಲಿಖಿತ ಚರಿತ್ರೆಯಿದೆ. ಸುಮಾರು ಕ್ರಿ.ಶ. 920ರದೆಂದು ಹೇಳಲಾಗುವ ಶಿವಕೋಟ್ಯಾಚಾರ್ಯನ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯ ಹೆಸರು ಬರುತ್ತದೆ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ ಮತ್ತು ಸಂಬಾರ ಪದಾರ್ಥಗಳನ್ನು ಸೇರಿಸುವ ವಿಧಾನವಿದೆ. ಸುಮಾರು 1130ರ ಹೊತ್ತಿಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಇದು ‘ಇಡ್ಡರಿಕಾ’ ಆಗುತ್ತದೆ. ಆಹಾರದ ಇತಿಹಾಸಕಾರ ಕೆ.ಟಿ. ಅಚಯ ಅವರು ಗಮನಿಸಿದಂತೆ, ಈ ಹಳೆಯ ಬರಹಗಳಲ್ಲಿ ಅಕ್ಕಿಯ ಮಾತಿಲ್ಲ, ರಾತ್ರಿಯಿಡೀ ಹುಳಿ ಬರಿಸುವ ಮಾತಿಲ್ಲ, ಹಬೆಯ ಮಾತೂ ಇಲ್ಲ. ಇಂದಿನ ಇಡ್ಲಿಗೂ ಅಂದಿನ ಇಡ್ಡಲಿಗೆಗೂ ನಡುವೆ ಏನೇನು ಬದಲಾಯಿತೆಂಬುದರ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದ್ದದ್ದೇ. ಬದಲಾಗದೆ ಉಳಿದದ್ದು ಒಂದು: ಉದ್ದು ನೆನೆಯಬೇಕು, ನುಣ್ಣಗಾಗಬೇಕು.

ಆ ‘ನುಣ್ಣಗೆ’ ಎಂಬ ಒಂದು ಮಾತಿನ ಹಿಂದೆ ಎಷ್ಟು ಬೆವರಿದೆ ಎಂಬುದನ್ನು ಗ್ರಂಥಗಳು ಹೇಳುವುದಿಲ್ಲ. ರುಬ್ಬುವ ಕಲ್ಲಿನ ಮುಂದೆ ಒಂದು ಕಾಲು ಮಡಚಿ, ಇನ್ನೊಂದು ಕಾಲು ಚಾಚಿ ಕೂತು, ಬಲಗೈಯಲ್ಲಿ ಗುಂಡು ತಿರುಗಿಸುತ್ತ, ಎಡಗೈಯಲ್ಲಿ ಅಂಚಿಗೆ ಬಂದ ಹಿಟ್ಟನ್ನು ಗುಳಿಗೆ ತಳ್ಳುತ್ತ, ಬೆರಳು ಸಿಕ್ಕಿಕೊಳ್ಳದಂತೆ ಲಯ ಕಾಯ್ದುಕೊಳ್ಳಬೇಕು. ದೊಡ್ಡ ಮನೆಯ ಮರುದಿನದ ದೋಸೆಗೆ ಇದು ಒಂದು ತಾಸಿಗೆ ಕಡಿಮೆಯಿಲ್ಲದ ಕೆಲಸ. ಬೀಸುವ ಕಲ್ಲಿಗಾದರೂ ಎದುರುಬದುರಾಗಿ ಇಬ್ಬರು ಕೂರುವ ಅನುಕೂಲವಿತ್ತು, ಜೊತೆಗೆ ಹಾಡಿತ್ತು. ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ಮೊದಲಾದ ಸಂಕಲನಗಳಲ್ಲಿರುವ ತ್ರಿಪದಿಗಳಲ್ಲಿ ಅನೇಕವು ಬೀಸುವಾಗ ಹುಟ್ಟಿದವು. ರುಬ್ಬುವುದು ಹೆಚ್ಚಾಗಿ ಒಬ್ಬಳದೇ ಕೆಲಸ. ಅದೂ ಮಧ್ಯಾಹ್ನದ ಊಟದ ಪಾತ್ರೆ ತೊಳೆದ ಮೇಲೆ, ಎಲ್ಲರೂ ಮಲಗಿದ ಹೊತ್ತಿನಲ್ಲಿ. ಹೊಸದಾಗಿ ಬಂದ ಸೊಸೆಯ ಕೈಗುಣವನ್ನು ಅತ್ತೆಯಾದವಳು ಅಳೆಯುತ್ತಿದ್ದುದೂ ಹಿಟ್ಟಿನ ಹದದಲ್ಲೇ. ಇಡ್ಲಿ, ವಡೆಗಳು ಎಷ್ಟೋ ಮನೆಗಳಲ್ಲಿ ಹಬ್ಬಕ್ಕೋ ನೆಂಟರು ಬಂದಾಗಲೋ ಮಾತ್ರ ಆಗುತ್ತಿದ್ದುದಕ್ಕೆ ಬಡತನ ಒಂದು ಕಾರಣವಾದರೆ, ಈ ಶ್ರಮ ಇನ್ನೊಂದು ಕಾರಣ.

ಈ ಕೆಲಸಕ್ಕೆ ವಿದ್ಯುತ್ತನ್ನು ಹೂಡಿದ ಕೀರ್ತಿ ಕೊಯಮತ್ತೂರಿನದು. ಅಲ್ಲಿ 1955ರಲ್ಲಿ ಪಿ. ಸಭಾಪತಿ ಎಂಬುವರು ಮೊದಲ ವೆಟ್ ಗ್ರೈಂಡರನ್ನು ರೂಪಿಸಿದರೆಂದು ದಾಖಲೆ. ಆ ಊರೇ ಏಕೆ ಎಂದು ಕೇಳಿದರೆ ಉತ್ತರ ಕಷ್ಟವಲ್ಲ. ಹತ್ತಿಯ ಗಿರಣಿಗಳಿದ್ದ ಊರು; ಗಿರಣಿಗಳ ಬೆನ್ನಿಗೆ ಎರಕದ ಕಾರ್ಖಾನೆಗಳು, ಪಂಪ್‌ಸೆಟ್ಟುಗಳು ಬಂದವು. ಜಿ.ಡಿ. ನಾಯ್ಡು ಅವರಂಥ ಯಂತ್ರಪ್ರೇಮಿಗಳಿದ್ದ ಆ ಊರಿನಲ್ಲಿ 1937ರಷ್ಟು ಹಿಂದೆಯೇ ವಿದ್ಯುತ್ ಮೋಟಾರು ತಯಾರಾಗಿತ್ತು. ಮೋಟಾರು ಬಲ್ಲ ಕೈ, ಪಕ್ಕದ ಊತ್ತುಕುಳಿ ಕಡೆಯ ಗಟ್ಟಿ ಕಲ್ಲು, ಬೆಳಗಾದರೆ ಇಡ್ಲಿ ಬೇಡುವ ಬಾಯಿ ಮೂರೂ ಒಂದೇ ಕಡೆ ಕೂಡಿದ್ದವು.

ಯಂತ್ರದಲ್ಲಿ ಆದ ಮುಖ್ಯ ಪಲ್ಲಟವನ್ನು ಗಮನಿಸಬೇಕು. ಕೈಯಿಂದ ರುಬ್ಬುವಾಗ ಒರಳು ನಿಂತಿರುತ್ತದೆ, ಗುಂಡು ತಿರುಗುತ್ತದೆ. ಗ್ರೈಂಡರಿನಲ್ಲಿ ಇದು ತಿರುಗುಮುರುಗು: ಒರಳು ತಿರುಗುತ್ತದೆ, ಗುಂಡು ತನ್ನ ಜಾಗದಲ್ಲಿದ್ದುಕೊಂಡೇ ಉರುಳುತ್ತದೆ. ಎಡಗೈಯ ಕೆಲಸವನ್ನು ಅಂಚಿಗೆ ತಾಗಿ ನಿಂತ ಒಂದು ಪಟ್ಟಿ ಮಾಡುತ್ತದೆ. ಹಿಟ್ಟು ತಾನಾಗಿ ಮಗುಚಿ ಮತ್ತೆ ಕಲ್ಲಿನಡಿಗೆ ಬರುತ್ತದೆ. ಮೊದಲ ತಲೆಮಾರಿನ ಗ್ರೈಂಡರುಗಳು ಭಾರಿ ಗಾತ್ರದವು. ಹೋಟೆಲು, ಛತ್ರಗಳಿಗೆ ಸರಿ, ಬಾಡಿಗೆ ಮನೆಯ ಅಡುಗೆಕೋಣೆಗೆ ಸಲ್ಲದು. ಅನಂತರ ಪಾತ್ರೆಯನ್ನು ಬಗ್ಗಿಸಿ ಹಿಟ್ಟು ಸುರಿದುಕೊಳ್ಳಬಹುದಾದ ‘ಟಿಲ್ಟಿಂಗ್’ ಮಾದರಿ ಬಂತು. ಬಳಿಕ ಉಕ್ಕಿನ ಪಾತ್ರೆಯ ತಳದಲ್ಲಿ ಕಲ್ಲು ಕೂರಿಸಿ, ಮೇಲೆ ಎರಡೋ ಮೂರೋ ಸಣ್ಣ ಉರುಳುಕಲ್ಲುಗಳನ್ನಿಟ್ಟ ‘ಟೇಬಲ್ ಟಾಪ್’ ಬಂತು. ಮಧ್ಯಮ ವರ್ಗದ ಅಡುಗೆಮನೆಯನ್ನು ಗೆದ್ದದ್ದು ಇದೇ. 2005-06ರಲ್ಲಿ ‘ಕೊಯಮತ್ತೂರು ವೆಟ್ ಗ್ರೈಂಡರ್’ ಎಂಬ ಹೆಸರಿಗೆ ಭೌಗೋಳಿಕ ಸೂಚ್ಯಂಕವೂ ದೊರಕಿತು. ಮೈಸೂರು ರೇಷ್ಮೆಗೆ, ಚನ್ನಪಟ್ಟಣದ ಗೊಂಬೆಗೆ ಸಿಕ್ಕ ಮನ್ನಣೆ ಒಂದು ವಿದ್ಯುತ್ ಯಂತ್ರಕ್ಕೆ ಸಿಕ್ಕಿದ್ದು ವಿಶೇಷವೇ ಸರಿ.

ಅಷ್ಟರಲ್ಲಿ ಎದುರಾಳಿಯೂ ಹುಟ್ಟಿತ್ತು. 1963ರಲ್ಲಿ ಎಸ್.ಪಿ. ಮಾಥುರ್ ಎಂಬ ಎಂಜಿನಿಯರ್ ‘ಸುಮೀತ್’ ಮಿಕ್ಸಿಯನ್ನು ಮಾರುಕಟ್ಟೆಗೆ ತಂದರು. ಯೂರೋಪಿನ ಮಿಕ್ಸರುಗಳು ಹಣ್ಣು, ಕೆನೆ, ಬೇಯಿಸಿದ ತರಕಾರಿಗೆಂದು ಮಾಡಿದಂಥವು. ಒಣಮೆಣಸಿನಕಾಯಿ, ಕೊತ್ತಂಬರಿ, ಅರಿಸಿನದ ಕೊಂಬು ಕಂಡರೆ ಅವುಗಳ ಮೋಟಾರು ಸುಟ್ಟುಹೋಗುತ್ತಿತ್ತು. ಭಾರತೀಯ ಮಸಾಲೆಯನ್ನು ತಾಳಿಕೊಳ್ಳುವ ಶಕ್ತಿಯ ಮೋಟಾರು ಮತ್ತು ಅದಕ್ಕೆ ತಕ್ಕ ಜಾರುಗಳು ಸುಮೀತಿನ ಹೆಚ್ಚುಗಾರಿಕೆ. ಚಟ್ನಿ, ಸಾರಿನ ಪುಡಿ, ತೆಂಗಿನಕಾಯಿ ಮಸಾಲೆ ಎಲ್ಲವೂ ನಿಮಿಷಗಳಲ್ಲಿ ಮುಗಿಯತೊಡಗಿದವು. ಮಿಕ್ಸಿ ಚಿಕ್ಕದು, ಅಗ್ಗದ್ದು, ಜಾಗ ಕೇಳುವುದಿಲ್ಲ. ಲೆಕ್ಕದ ಪ್ರಕಾರ ಗ್ರೈಂಡರು ಅಲ್ಲಿಗೇ ಮೂಲೆಗುಂಪಾಗಬೇಕಿತ್ತು. ಆಗಲಿಲ್ಲ. ಕಾರಣವಿರುವುದು ಉದ್ದಿನ ಬೇಳೆಯ ಒಳಗೆ.

ಉದ್ದನ್ನು ಮುಟ್ಟಿದವರಿಗೆ ಅದರ ಲೋಳೆ ಗೊತ್ತು. ಹೆಸರು, ಕಡಲೆ, ತೊಗರಿಗಳಲ್ಲಿ ಈ ಗುಣ ಇಷ್ಟಿಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು 1970ರ ದಶಕದಲ್ಲಿ ಈ ಲೋಳೆಯ ಗುಟ್ಟನ್ನು ಬಿಡಿಸಿ ನೋಡಿದರು. ಅರಬಿನೊಗ್ಯಾಲಕ್ಟನ್ ಎಂಬ ಅಂಟಿನಂಥ ಶರ್ಕರ ಪದಾರ್ಥ ಮತ್ತು ಗ್ಲಾಬ್ಯುಲಿನ್ ಎಂಬ ಪ್ರೋಟೀನು ಎರಡೂ ಕೂಡಿ ಈ ಕೆಲಸ ನಡೆಸುತ್ತವೆ. ಪ್ರೋಟೀನು ನೊರೆ ಕಟ್ಟುತ್ತದೆ. ಅಂಟು ಆ ನೊರೆ ಒಡೆಯದಂತೆ ಹಿಡಿದುಕೊಳ್ಳುತ್ತದೆ. ರಾತ್ರಿ ಹಿಟ್ಟು ಹುಳಿಯುವಾಗ ಲ್ಯೂಕೊನೊಸ್ಟಾಕ್ ಮೊದಲಾದ ಸೂಕ್ಷ್ಮಜೀವಿಗಳು ಅನಿಲ ಬಿಡುತ್ತವೆ. ಆ ಅನಿಲವೂ ಇದೇ ಬಲೆಯಲ್ಲಿ ಸಿಕ್ಕಿ ಹಿಟ್ಟು ಮೇಲೇಳುತ್ತದೆ. ಗೋಧಿಯ ಬ್ರೆಡ್ಡಿನಲ್ಲಿ ಗ್ಲುಟೆನ್ ಮಾಡುವ ಕೆಲಸವನ್ನು ಇಡ್ಲಿಯಲ್ಲಿ ಉದ್ದು ಮಾಡುತ್ತದೆ. ಸೂಕ್ಷ್ಮಜೀವಿಗಳನ್ನು ಹೊರಗಿನಿಂದ ತರುವ ಅಗತ್ಯವೂ ಇಲ್ಲ. ಬೇಳೆಯ ಜೊತೆಗೇ ಬರುತ್ತವೆ.

ಈಗ ಎರಡು ಯಂತ್ರಗಳ ವರ್ತನೆಯನ್ನು ಹೋಲಿಸಿ ನೋಡಬಹುದು. ಮಿಕ್ಸಿಯ ಬ್ಲೇಡು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿ ಬೇಳೆಯನ್ನು ಕತ್ತರಿಸುತ್ತದೆ. ವೇಗದಿಂದ ಬಿಸಿ ಹುಟ್ಟುತ್ತದೆ. ಜಾರಿನ ಹೊರಮೈ ಮುಟ್ಟಿದರೇ ತಿಳಿಯುತ್ತದೆ. ಬ್ಲೇಡು ಎಟುಕುವಂತೆ ನೀರೂ ಹೆಚ್ಚು ಬೇಕು, ಆದ್ದರಿಂದ ಹಿಟ್ಟು ತೆಳ್ಳಗಾಗುತ್ತದೆ. ಗ್ರೈಂಡರಿನ ಪಾತ್ರೆಯಾದರೋ ನಿಧಾನವಾಗಿ ಸುತ್ತುತ್ತ, ಬೇಳೆಯನ್ನು ಎರಡು ಕಲ್ಲುಗಳ ನಡುವೆ ಒತ್ತಿ ಹಿಸುಕಿ, ಪ್ರತಿ ಸುತ್ತಿನಲ್ಲೂ ಹಿಟ್ಟನ್ನು ಮಗುಚಿ ಗಾಳಿ ಸೇರಿಸುತ್ತದೆ. ಇಪ್ಪತ್ತು-ಮೂವತ್ತು ನಿಮಿಷದ ಕೊನೆಗೆ ಒಂದು ಪಾವು ಉದ್ದು ಬೆಣ್ಣೆಯಂತೆ ಉಬ್ಬಿ ಪಾತ್ರೆ ತುಂಬುತ್ತದೆ. ಒಂದು ಹನಿ ಹಿಟ್ಟನ್ನು ನೀರಿಗೆ ಬಿಟ್ಟರೆ ತೇಲಬೇಕು. ಅದು ಹಳಬರ ಪರೀಕ್ಷೆ, ಇಂದಿಗೂ ಅದಕ್ಕಿಂತ ಒಳ್ಳೆಯ ಪರೀಕ್ಷೆ ಬಂದಿಲ್ಲ. ಅಕ್ಕಿಯನ್ನು ಇದರಷ್ಟು ನುಣ್ಣಗೆ ಮಾಡಬಾರದು, ಸಣ್ಣ ರವೆಯ ಹದದಲ್ಲಿ ನಿಲ್ಲಿಸಬೇಕು. ಹೀಗೆ ಬೇಕಾದ ಕಡೆ ನಿಲ್ಲಿಸುವ ಸ್ವಾತಂತ್ರ್ಯವೂ ನಿಧಾನದ ಯಂತ್ರದಲ್ಲೇ ಹೆಚ್ಚು.

ಮಿಕ್ಸಿಯಲ್ಲಿ ಒಳ್ಳೆಯ ಇಡ್ಲಿ ಸಾಧ್ಯವೇ ಇಲ್ಲವೆಂದು ವಾದಿಸುವವರ ಮಾತು ಅತಿಯಾಯಿತು. ತಣ್ಣೀರು, ಬೇಕಾದರೆ ಮಂಜುಗಡ್ಡೆಯ ನೀರು ಹಾಕಿ, ಸ್ವಲ್ಪಸ್ವಲ್ಪವಾಗಿ, ನಡುನಡುವೆ ನಿಲ್ಲಿಸಿ ರುಬ್ಬಿದರೆ ಇಬ್ಬರಿಗೆ ಸಾಕಾಗುವಷ್ಟು ಹಿಟ್ಟು ಚೆನ್ನಾಗಿಯೇ ಬರುತ್ತದೆ. ದೋಸೆಗಂತೂ ತೊಂದರೆಯಿಲ್ಲ. ವ್ಯತ್ಯಾಸ ಎದ್ದು ಕಾಣುವುದು ಉದ್ದಿನ ವಡೆಯಲ್ಲಿ, ಮಲ್ಲಿಗೆ ಇಡ್ಲಿಯಲ್ಲಿ ಮತ್ತು ಆರೇಳು ಜನರ ಮನೆಯಲ್ಲಿ.

ವಿದ್ಯುತ್ತಿನ ಲೆಕ್ಕದಲ್ಲಿ ಗ್ರೈಂಡರು ದುಬಾರಿ ಎಂಬ ನಂಬಿಕೆ ಸರಿಯಲ್ಲ. ಮನೆಯ ಗ್ರೈಂಡರಿನ ಮೋಟಾರು ಸಾಮಾನ್ಯವಾಗಿ 150 ವಾಟಿನದು. ಅರ್ಧ ಗಂಟೆ ಓಡಿದರೆ 0.075 ಯೂನಿಟ್. 750 ವಾಟಿನ ಮಿಕ್ಸಿ ಎಂಟು ನಿಮಿಷ ಓಡಿದರೆ 0.1 ಯೂನಿಟ್. ಎರಡೂ ಬಿಲ್ಲಿನಲ್ಲಿ ಕಾಣುವಷ್ಟಲ್ಲ. ದುಬಾರಿಯಾಗುವುದು ಬೆಲೆಯಲ್ಲಿ, ಜಾಗದಲ್ಲಿ ಮತ್ತು ತೊಳೆಯುವ ಶ್ರಮದಲ್ಲಿ.

ಇದರಲ್ಲಿ ಕೊನೆಯದನ್ನು ಕೊಳ್ಳುವವರು ಮರೆಯುತ್ತಾರೆ. ಅದರಲ್ಲೂ ಉಡುಗೊರೆಯಾಗಿ ಕೊಡುವವರು ತಪ್ಪದೆ ಮರೆಯುತ್ತಾರೆ. ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರು ಹತ್ತು ಕಿಲೋಗೂ ಮೇಲೆ ತೂಗುತ್ತದೆ. ಅದನ್ನು ಕೆಳಗಿನ ಕಪಾಟಿನಲ್ಲಿಟ್ಟು ಪ್ರತಿ ಸಲ ಎತ್ತಿಡುವ ಏರ್ಪಾಡು ಮಾಡಿಕೊಂಡರೆ ಮೂರನೆಯ ತಿಂಗಳಿಗೆ ಯಂತ್ರ ಅಲ್ಲೇ ಉಳಿಯುತ್ತದೆ. ಕಟ್ಟೆಯ ಮೇಲೆ, ಸ್ವಿಚ್ಚಿನ ಹತ್ತಿರ, ಖಾಯಂ ಜಾಗ ಇದ್ದರೆ ಮಾತ್ರ ಅದು ಬಳಕೆಯಲ್ಲಿರುತ್ತದೆ. ತೊಳೆಯುವಾಗ ಕಲ್ಲುಗಳನ್ನು ಎತ್ತಬೇಕು, ಹಿಟ್ಟು ತುಂಬಿದ ಪಾತ್ರೆಯನ್ನು ಎತ್ತಬೇಕು. ಅಡುಗೆ ಮಾಡುವವರು ಅರವತ್ತು ದಾಟಿದವರಾದರೆ, ಬೆನ್ನುನೋವೋ ಮಣಿಕಟ್ಟಿನ ನೋವೋ ಇದ್ದವರಾದರೆ, ಬಗ್ಗಿಸಿ ಸುರಿಯುವ ಟಿಲ್ಟಿಂಗ್ ಮಾದರಿಗೆ ಹೆಚ್ಚಿನ ಹಣ ಕೊಡುವುದು ಸಾರ್ಥಕ. ಅದಕ್ಕೆ ಜಾಗ ಹೆಚ್ಚು ಬೇಕು ಎಂಬುದು ನಿಜವೇ. ಅಂಗಡಿಗೆ ಹೋಗುವಾಗ ಆ ಯಂತ್ರವನ್ನು ಮುಂದೆ ತೊಳೆಯಲಿರುವವರನ್ನೇ ಕರೆದೊಯ್ದು, ಪಾತ್ರೆಯನ್ನು ಅವರ ಕೈಯಲ್ಲೇ ಎತ್ತಿಸಿ ನೋಡುವುದು ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಅಚ್ಚರಿಯ ಉಡುಗೊರೆ ಕೊಡುವ ಆಸೆಯಿದ್ದವರು ಸೀರೆ ಕೊಡಬಹುದು.

ಕಲ್ಲುಗಳ ಆಕಾರದ ಬಗ್ಗೆ ಮಾರಾಟಗಾರರು ಬಹಳ ಮಾತಾಡುತ್ತಾರೆ. ಕೆಲವದರಲ್ಲಿ ಕಲ್ಲು ಕೊಳವೆಯಂತೆ ಸಮಗಾತ್ರ, ಕೆಲವದರಲ್ಲಿ ಶಂಕುವಿನಂತೆ ಒಂದು ಕಡೆ ದಪ್ಪ. ಇದರಲ್ಲಿ ತತ್ತ್ವವಿದೆ. ತಿರುಗುವ ತಳದ ಹೊರ ಅಂಚು ಒಂದು ಸುತ್ತಿನಲ್ಲಿ ಹೆಚ್ಚು ದೂರ ಸಾಗುತ್ತದೆ, ಒಳ ಅಂಚು ಕಡಿಮೆ. ಸಮಗಾತ್ರದ ಕಲ್ಲು ಇವೆರಡಕ್ಕೂ ಹೊಂದಿಕೊಳ್ಳಲಾರದೆ ಅಲ್ಲಲ್ಲಿ ಜಾರಿ ಉಜ್ಜುತ್ತದೆ. ಶಂಕುವಿನ ಕಲ್ಲಿನ ದಪ್ಪ ತುದಿ ಹೊರಗಿದ್ದು ಆ ವ್ಯತ್ಯಾಸವನ್ನು ಸರಿದೂಗಿಸುತ್ತದೆ, ಆದ್ದರಿಂದ ಉರುಳಾಟ ಸಲೀಸು. ಆದರೆ ಆ ಉಜ್ಜಾಟವೂ ರುಬ್ಬುವುದರ ಒಂದು ಅಂಗವೇ ಅಲ್ಲವೇ? ಎರಡೂ ಬಗೆಯ ಕಲ್ಲುಗಳಲ್ಲಿ ಒಳ್ಳೆಯ ಹಿಟ್ಟು ಬರುತ್ತದೆ. ಆಕಾರಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಕಲ್ಲು ತಳಕ್ಕೆ ಸಮನಾಗಿ ಕೂರುತ್ತದೆಯೇ, ಪಾತ್ರೆಯ ಉಕ್ಕೂ ತಳದ ಕಲ್ಲೂ ಕೂಡುವ ಅಂಚಿನಲ್ಲಿ ಸಂದು ಇದೆಯೇ ಎಂಬುದನ್ನು. ಆ ಸಂದಿನಲ್ಲಿ ಹಿಟ್ಟು ಕೂತರೆ ಎರಡೇ ದಿನಕ್ಕೆ ನಾತ. ಬೆಲ್ಟು, ಉರುಳುಕಲ್ಲಿನ ನಡುವಣ ಪ್ಲಾಸ್ಟಿಕ್ ಬುಷ್ಷು, ಹಿಟ್ಟು ತಳ್ಳುವ ಪಟ್ಟಿ ಇವು ಸವೆಯುವ ಭಾಗಗಳು. ಇವು ಊರಿನಲ್ಲೇ ಸಿಗುವ ಕಂಪನಿಯದನ್ನು ಕೊಳ್ಳುವುದು ಲೇಸು. ಹಿಂದೆ ಒರಳು ನುಣುಪಾದಾಗ ಉಳಿ, ಸುತ್ತಿಗೆ ಹಿಡಿದು ಬೀದಿಯಲ್ಲಿ ಕೂಗುತ್ತ ಬರುವ ಕಲ್ಲುಕುಟಿಗರಿಂದ ಕಚ್ಚು ಹಾಕಿಸುತ್ತಿದ್ದರು. ಈಗ ಆ ಕೂಗು ಅಪರೂಪ. ಮನೆಯ ಗ್ರೈಂಡರಿನ ಕಲ್ಲು ನಯವಾದರೆ ಬದಲಾಯಿಸುವುದೇ ಸುಲಭ.

ಅಳತೆಯ ವಿಷಯದಲ್ಲೂ ಒಂದು ಎಚ್ಚರ. ಎರಡು ಲೀಟರ್ ಎಂದು ಬರೆದಿದ್ದರೆ ಅದು ಪಾತ್ರೆಯ ಅಳತೆ; ಉದ್ದು ಉಬ್ಬುವುದಕ್ಕೆ ಜಾಗ ಬಿಡದೆ ತುಂಬಿದರೆ ಹಿಟ್ಟು ಅಂಚು ಹಾರುತ್ತದೆ. ತೀರ ಕಡಿಮೆ ಹಾಕಿದರೂ ಕಲ್ಲಿಗೆ ಸಿಗುವುದಿಲ್ಲ; ಒಂದು ಹಿಡಿ ಚಟ್ನಿಗೆ ಗ್ರೈಂಡರು ಹೊರಡಿಸುವುದು ಇರುವೆ ಹೊಡೆಯಲು ಒನಕೆ ಎತ್ತಿದಂತೆ. ಒಣ ಪದಾರ್ಥಕ್ಕೆ ಇದು ಹೇಳಿದ್ದೇ ಅಲ್ಲ. ಕಾಯಿ ತುರಿಯುವ, ಚಪಾತಿ ಹಿಟ್ಟು ಕಲಸುವ ಬಿಡಿಭಾಗಗಳು ಜೊತೆಗೆ ಬರುತ್ತವೆ. ಅವುಗಳ ಆಸೆಗೆ ಬೆಲೆ ಏರಿಸಿಕೊಳ್ಳಬೇಕಾದ ಅಗತ್ಯ ಕಾಣುವುದಿಲ್ಲ. ಅಮೆರಿಕದಲ್ಲಿರುವ ಮಗಳಿಗೆಂದು ಇಲ್ಲಿಂದ ಹೊತ್ತೊಯ್ಯುವವರು ಮಾತ್ರ ಒಂದು ಸಂಗತಿ ತಿಳಿದಿರಬೇಕು. ಇಲ್ಲಿನ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಅಲ್ಲಿನದು 120 ವೋಲ್ಟ್, 60 ಹರ್ಟ್ಸ್. ಇಲ್ಲಿನ ಸಾಮಾನ್ಯ ಮಾದರಿ ಅಲ್ಲಿ ಓಡದು. ಆ ದೇಶಕ್ಕೆಂದೇ 110 ವೋಲ್ಟಿನ ಗ್ರೈಂಡರುಗಳನ್ನು ತಯಾರಿಸುತ್ತಾರೆ, ಕೇಳಿ ಪಡೆಯಬೇಕು.

ಆ ದೇಶದಲ್ಲಿ ಈ ಯಂತ್ರಕ್ಕೆ ಇನ್ನೊಂದು ಜನ್ಮವೂ ದೊರೆತಿದೆ. ಕೋಕೊ ಬೀಜದಿಂದ ತಾವೇ ಚಾಕೊಲೇಟ್ ಮಾಡುವ ಸಣ್ಣ ತಯಾರಕರಿಗೆ ಕಲ್ಲಿನಲ್ಲಿ ನಿಧಾನವಾಗಿ ಅರೆಯುವ ಚಿಕ್ಕ ಯಂತ್ರ ಬೇಕಿತ್ತು. ಕಾರ್ಖಾನೆಗಳ ದೊಡ್ಡ ಯಂತ್ರ ಅವರ ಕೈಗೆ ನಿಲುಕದ್ದು. ಅವರು ಕಂಡುಕೊಂಡದ್ದು ದೋಸೆ ಹಿಟ್ಟಿನ ಗ್ರೈಂಡರನ್ನು. ಅರ್ಧ ಗಂಟೆಯ ಕೆಲಸಕ್ಕೆಂದು ಹುಟ್ಟಿದ ಯಂತ್ರ ಅಲ್ಲಿ ಒಂದು ದಿನ, ಎರಡು ದಿನ ಸತತವಾಗಿ ತಿರುಗಬೇಕಾಯಿತು. ಅದಕ್ಕೆ ತಕ್ಕಂತೆ ಬಲಪಡಿಸಿದ ಮಾದರಿಗಳೂ ಬಂದವು. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನಡುವೆ ಕೋಕೊ ಬೆಳೆಯುವ, 1986ರಿಂದ ಪುತ್ತೂರಿನಲ್ಲಿ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆಯನ್ನು ಕಂಡಿರುವ ಜನರಿಗೆ ಈ ನಂಟು ಸ್ವಾರಸ್ಯವಾಗಿ ಕಂಡೀತು.

ಎಲ್ಲರಿಗೂ ಗ್ರೈಂಡರು ಬೇಕೇ ಎಂದರೆ, ಇಲ್ಲ. ಗೋಧಿಯ ರೊಟ್ಟಿ, ಜೋಳದ ರೊಟ್ಟಿ ಪ್ರಧಾನವಾದ ಮನೆಗೆ ಇದು ತಿಂಗಳಿಗೊಮ್ಮೆ ಹೊರಬರುವ ಆಭರಣ. ಇಬ್ಬರೇ ಇರುವ, ಇಬ್ಬರೂ ದುಡಿಯಲು ಹೋಗುವ ಮನೆಗೆ ಅಂಗಡಿಯ ಹಿಟ್ಟಿದೆ. ಬೆಂಗಳೂರಿನಲ್ಲಿ 2005ರಲ್ಲಿ ಸಣ್ಣದಾಗಿ ಆರಂಭವಾದ ಒಂದು ಇಡ್ಲಿ-ದೋಸೆ ಹಿಟ್ಟಿನ ಉದ್ಯಮ ಈಗ ಹೊರದೇಶಗಳವರೆಗೆ ಬೆಳೆದಿದೆ. ಗಲ್ಲಿಗಲ್ಲಿಯ ಅಂಗಡಿಗಳಲ್ಲಿ ತಾವೇ ರುಬ್ಬಿ ಸೇರಿನ ಲೆಕ್ಕದಲ್ಲಿ ಮಾರುವವರೂ ಇದ್ದಾರೆ. ಅದನ್ನು ಕೊಳ್ಳುವುದು ಸೋಮಾರಿತನವೇನೂ ಅಲ್ಲ. ಆದರೆ ಅಡುಗೆಯನ್ನು ಪ್ರೀತಿಸುವವರಿಗೆ ಪೊಟ್ಟಣದಲ್ಲಿ ಸಿಗುವುದು ಒಂದೇ ಹಿಟ್ಟು. ನೀರುದೋಸೆಯ ಹಿಟ್ಟು ಬೇರೆ, ಕೊಟ್ಟೆ ಕಡುಬಿನ ಹದ ಬೇರೆ. ಪತ್ರೊಡೆಗೆ ಅಕ್ಕಿಯ ಜೊತೆ ಮೆಣಸು, ಹುಣಿಸೆ ಸೇರಿ ರುಬ್ಬಬೇಕು. ರಾಗಿ, ನವಣೆಗಳ ದೋಸೆಗೆ ಮತ್ತೊಂದು ಲೆಕ್ಕ. ಇವನ್ನೆಲ್ಲ ಮಾಡಿ ನೋಡುವ ಉಮೇದಿದ್ದವರಿಗೆ ಗ್ರೈಂಡರಿಗೆ ಕೊಟ್ಟ ಹಣ ವ್ಯರ್ಥವಾಗದು.

ಈ ಯಂತ್ರ ಹೆಂಗಸರ ಸಮಯವನ್ನು ಉಳಿಸಿತೇ? ಮೇಲ್ನೋಟಕ್ಕೆ ಪ್ರಶ್ನೆಯೇ ಅನಾವಶ್ಯಕ ಎನಿಸಬಹುದು. ಆದರೆ ಅಮೆರಿಕದ ತಂತ್ರಜ್ಞಾನ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ಪ್ರಕಟಿಸಿದ ‘ಮೋರ್ ವರ್ಕ್ ಫಾರ್ ಮದರ್’ ಎಂಬ ಪುಸ್ತಕದಲ್ಲಿ ಒಂದು ಕಹಿ ಸತ್ಯವನ್ನು ಮುಂದಿಟ್ಟರು. ಒಲೆ, ಬಟ್ಟೆ ಒಗೆಯುವ ಯಂತ್ರ ಮುಂತಾದವು ಬಂದಾಗ ಗಂಡಸರು ಮತ್ತು ಮಕ್ಕಳು ಮಾಡುತ್ತಿದ್ದ ಕೆಲಸ ಹಗುರಾಯಿತು. ಮನೆಯೊಡತಿಯ ಪಾಲಿಗೆ ಕೆಲಸದ ಕಷ್ಟ ಇಳಿದರೂ ಗಂಟೆಗಳು ಇಳಿಯಲಿಲ್ಲ, ಏಕೆಂದರೆ ನಿರೀಕ್ಷೆಗಳು ಏರಿದವು. ಗ್ರೈಂಡರಿನ ಕಥೆಯೂ ಇದಕ್ಕಿಂತ ತೀರ ಬೇರೆಯಲ್ಲ. ಹಬ್ಬದ ಇಡ್ಲಿ ವಾರದ ಇಡ್ಲಿಯಾಯಿತು, ವಾರದ ದೋಸೆ ದಿನಬಿಟ್ಟು ದಿನದ ದೋಸೆಯಾಯಿತು. ‘ಮೆಷಿನ್ನೇ ಮಾಡುತ್ತಲ್ಲ’ ಎಂಬ ಮಾತು ಮನೆಯವರ ಬಾಯಲ್ಲಿ ಸುಲಭವಾಗಿ ಬರುತ್ತದೆ. ನೆನೆಸುವುದು, ನೀರು ಚಿಮುಕಿಸುತ್ತ ನಿಲ್ಲುವುದು, ತೆಗೆಯುವುದು, ತೊಳೆಯುವುದು ಮೆಷಿನ್ನು ಮಾಡುವುದಿಲ್ಲ. ಆದರೂ ಎರಡರಲ್ಲಿ ಯಾವುದು ಬೇಕೆಂದು ಒರಳಿನ ಮುಂದೆ ಕೂತು ಗೊತ್ತಿರುವ ಯಾವ ಅಜ್ಜಿಯನ್ನು ಕೇಳಿದರೂ ಆಕೆ ಕ್ಷಣವೂ ಯೋಚಿಸಲಾರಳು. ಕಲ್ಲಿನ ರುಚಿಯ ಬಗ್ಗೆ ಹಳಹಳಿಸುವವರಲ್ಲಿ ಕಲ್ಲು ತಿರುಗಿಸಿದವರಿಗಿಂತ ದೋಸೆ ತಿಂದವರೇ ಹೆಚ್ಚು.

ಈ ಶ್ರಮದ ತೂಕ ರಾಜಕಾರಣಿಗಳಿಗೂ ಅರಿವಾಗದೆ ಹೋಗಲಿಲ್ಲ. ತಮಿಳುನಾಡಿನ 2011ರ ವಿಧಾನಸಭಾ ಚುನಾವಣೆಯಲ್ಲಿ ಒಂದು ಪಕ್ಷ ಗ್ರೈಂಡರು ಅಥವಾ ಮಿಕ್ಸಿ ಕೊಡುತ್ತೇವೆಂದರೆ, ಜಯಲಲಿತಾ ಅವರ ಪಕ್ಷ ಎರಡನ್ನೂ ಕೊಟ್ಟು ಮೇಲೊಂದು ಫ್ಯಾನು ಕೊಡುತ್ತೇವೆಂದಿತು. ಗೆದ್ದ ಮೇಲೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ವಿತರಣೆ ಆರಂಭವಾಯಿತು. ಚುನಾವಣೆಯ ಆಮಿಷ ಎಂದು ಟೀಕಿಸಿದವರು ಬಹಳ ಮಂದಿ. ಗುಡಿಸಲಿನ ಹೆಂಗಸಿನ ತೋಳಿಗೂ ಅದೇ ನೋವಿರುತ್ತದೆ ಎಂಬುದನ್ನು ಆ ಟೀಕೆಗಳಲ್ಲಿ ನೆನೆದವರು ಕಡಿಮೆ.

ಇಷ್ಟೆಲ್ಲ ಅಳೆದು ಸುರಿದು ಯಂತ್ರ ಮನೆಗೆ ಬಂದ ದಿನವೇ ಇಡ್ಲಿಗೆ ನೆನೆಹಾಕುವ ಆತುರ ಬೇಡ. ಹೊಸ ಕಲ್ಲಿನ ಮೈಯಲ್ಲಿ ಕೊರೆದಾಗಿನ ಪುಡಿ ಉಳಿದಿರುತ್ತದೆ. ಚೆನ್ನಾಗಿ ತೊಳೆದು, ಒಂದೆರಡು ಹಿಡಿ ಅಗ್ಗದ ಅಕ್ಕಿಯನ್ನು ನೆನೆಸಿ, ಸ್ವಲ್ಪ ಕಲ್ಲುಪ್ಪು ಸೇರಿಸಿ ಹದಿನೈದು ನಿಮಿಷ ತಿರುಗಲು ಬಿಡಬೇಕು. ಬಂದ ಹಿಟ್ಟು ಬೂದುಬಣ್ಣದ್ದಾಗಿದ್ದರೆ ಚೆಲ್ಲಿ, ಮತ್ತೊಮ್ಮೆ, ಮಗದೊಮ್ಮೆ ಹಾಗೆಯೇ ಮಾಡಬೇಕು. ಹಿಟ್ಟು ಅಚ್ಚ ಬಿಳಿಯಾಗಿ ಬಂದ ಮೇಲೆ, ಬೆರಳಿನ ನಡುವೆ ಉಜ್ಜಿ ಮರಳಿನ ಕಿರಿಕಿರಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಉದ್ದಿಗೆ ನೀರು ಹಾಕಬಹುದು.